ಮೂರು ಚುಕ್ಕಿಗೆ ಸೊನ್ನೆ

ಪಟ್ಟಿಯಲ್ಲಿ ಸೊನ್ನೆಗಳು ವಿಪರೀತ ಇವೆ ಎಂದು ನನಗೆ ಮೊದಲು ಅನ್ನಿಸಿದ್ದು ಬಸ್ಸಿನಲ್ಲಿ. ಲಿಂಗಂಪಲ್ಲಿಯಿಂದ ಹಿಮಾಯತ್‌ನಗರಕ್ಕೆ ಆಗ ಒಂದೂವರೆ ತಾಸು ಹಿಡಿಯುತ್ತಿತ್ತು. ಸೀಟು ಸಿಕ್ಕ ದಿನ ಮುದ್ರಿತ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದೆ. ಕಾರ್ಖಾನೆಗಳ ಸಾಲು, ಅವುಗಳ ಮುಂದೆ ಎರಡು ವರ್ಷದ ಉತ್ಪಾದನೆ. ಸೊನ್ನೆ, ಸೊನ್ನೆ, ಕೆಲಸಗಾರರು ಎಂಟುನೂರು. ಮತ್ತೆ ಸೊನ್ನೆ, ಸೊನ್ನೆ. ಕೆಲಸಗಾರರು ಸಾವಿರದ ಇನ್ನೂರು. ಅಷ್ಟು ಜನ ಎರಡು ವರ್ಷ ಒಂದು ಮೊಳೆಯನ್ನೂ ಮಾಡದೆ ಕುಳಿತಿದ್ದರೇ?

ಆ ಕಾರ್ಖಾನೆಗಳು ನಮ್ಮವಲ್ಲ. ಯಾವ ದೇಶದವು ಎಂದು ಹೇಳುವುದಿಲ್ಲವೆಂದು ಅಂದು ಸಹಿ ಮಾಡಿದ್ದೆ, ಈಗಲೂ ಹೇಳುವುದಿಲ್ಲ. ಕಮ್ಯುನಿಸ್ಟ್ ಆಡಳಿತ ಬಿದ್ದು ಏಳೆಂಟು ವರ್ಷವಾಗಿದ್ದ, ಚಳಿಗಾಲದಲ್ಲಿ ನದಿಗಳು ಹೆಪ್ಪುಗಟ್ಟುವ ದೇಶ ಎಂದರೆ ಸಾಕು. ತನ್ನ ಹಳೆಯ ಸರ್ಕಾರಿ ಕಾರ್ಖಾನೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಮಾರಬೇಕು, ಯಾವುದನ್ನು ಮುಚ್ಚಬೇಕು ಎಂದು ಆ ಸರ್ಕಾರ ತೀರ್ಮಾನಿಸಬೇಕಿತ್ತು. ಯುರೋಪಿನ ಒಂದು ಸಲಹಾ ಸಂಸ್ಥೆ ಆ ಕೆಲಸ ಹಿಡಿದಿತ್ತು. ಕಾರ್ಖಾನೆಗಳು ತುಂಬಿ ಕಳಿಸಿದ ಫಾರಂಗಳನ್ನು ಕಂಪ್ಯೂಟರಿಗೆ ಏರಿಸಿ ಕೋಷ್ಟಕ ಮಾಡುವ ಭಾಗವನ್ನು ಹೈದರಾಬಾದಿನ ನಮಗೆ ಕೊಟ್ಟಿತ್ತು. ನಮ್ಮ ಹುಡುಗಿಯರು ವೇಗವಾಗಿ ಟೈಪ್ ಮಾಡುತ್ತಿದ್ದರು, ಕಡಿಮೆ ಸಂಬಳಕ್ಕೆ ಮಾಡುತ್ತಿದ್ದರು. ಇಡೀ ಊರೇ ಆಗ ಆ ಭರವಸೆಯ ಮೇಲೆ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿತ್ತು.

ನಿಯಮ ಸರಳವಾಗಿತ್ತು. ಫಾರಂನ ಏಳನೇ ಸಾಲು ಉತ್ಪಾದನೆಯದು. ಅಲ್ಲಿ ಎರಡು ವರ್ಷವೂ ಸೊನ್ನೆ ಇದ್ದರೆ ಆ ಕಾರ್ಖಾನೆ ಮುಚ್ಚುವ ಪಟ್ಟಿಗೆ. ಪಟ್ಟಿಗೆ ಸೇರಿದರೆ ಮುಂದಿನ ಚಳಿಗಾಲದಿಂದ ಸರ್ಕಾರದ ಗ್ಯಾಸ್ ಬಂದ್. ಇಷ್ಟು ನನಗೆ ಗೊತ್ತಿತ್ತು. ಗ್ಯಾಸ್ ಬಂದ್ ಎಂದರೆ ಏನು ಎಂಬುದು ಗೊತ್ತಿರಲಿಲ್ಲ.

ಕಚೇರಿಗೆ ಹೋದವನೇ ನಮ್ಮ ಮುಖ್ಯಸ್ಥರಿಗೆ ಹಾಳೆ ತೋರಿಸಿದೆ. ಅವರು ಸರ್ಕಾರಿ ಅಂಕಿಅಂಶ ಇಲಾಖೆಯಿಂದ ನಿವೃತ್ತರಾದವರು, ರಾಯಚೂರು ಕಡೆಯ ಮನೆತನ. ತೆಲುಗಿನಲ್ಲಿ ಬೈಯುತ್ತಿದ್ದರು, ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ನನ್ನ ಜೊತೆ ಮಾತ್ರ ಕನ್ನಡ.

"ಸರ್, ಇಷ್ಟು ಸೊನ್ನಿ ಹ್ಯಾಂಗ ಬಂದಾವ?"

"ಏನೂ ಮಾಡದಿದ್ರ ಸೊನ್ನಿ ಬರ್ತಾವಪಾ. ನಿನಗ ಯೂನಿವರ್ಸಿಟ್ಯಾಗ ಡಿಗ್ರಿ ಕೊಟ್ಟು ಕಳಿಸ್ಯಾರೋ, ಸಂಶಯದ ರೋಗ ಹಚ್ಚಿ ಕಳಿಸ್ಯಾರೋ?"

"ಎಂಟುನೂರು ಮಂದಿ ಪಗಾರ ತಗೋತಾರ, ಏನೂ ಮಾಡೂದಿಲ್ಲ ಅಂದ್ರ..."

"ನಾನೂ ಮೂವತ್ತು ವರ್ಷ ಸರ್ಕಾರಿ ಆಫೀಸಿನ್ಯಾಗ ಇದ್ದೆ. ನನಗೇನೂ ಆಶ್ಚರ್ಯ ಇಲ್ಲ" ಎಂದು ನಕ್ಕರು.

ನಾನು ನಗಲಿಲ್ಲ. ವರದಿಯ ಮೊದಲ ಕೋಷ್ಟಕವನ್ನು ನಾನೇ ಮಾಡಿದ್ದೆ. ಸೊನ್ನೆ ಕಾರ್ಖಾನೆಗಳನ್ನು ಕೈಬಿಟ್ಟರೆ ಉಳಿದವುಗಳಲ್ಲಿ ತಲಾ ಕೆಲಸಗಾರನ ಉತ್ಪಾದನೆ ಒಮ್ಮೆಲೇ ಏರುತ್ತಿತ್ತು. ಯಾರೂ ಹೆಚ್ಚು ದುಡಿಯದೆ, ಒಂದು ಹೊಸ ಯಂತ್ರ ಬಾರದೆ, ಕಾಗದದ ಮೇಲೆಯೇ ದೇಶ ಬೆಳೆದುಬಿಡುತ್ತಿತ್ತು. ಮಂತ್ರಿಗೆ ಖುಷಿ, ಸಾಲ ಕೊಡುವವರಿಗೆ ಖುಷಿ, ಅಗ್ಗವಾಗಿ ಕೊಳ್ಳಲು ಕಾದವರಿಗೂ ಖುಷಿ. ಯಾರಿಗೂ ಬೇಸರ ತರದ ಅಂಕಿ ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಯುರೋಪಿನ ಸಂಸ್ಥೆಯವರೇ ಎಲ್ಲೋ ಕೈಯಾಡಿಸಿದ್ದಾರೆ ಎಂದು ನಾನು ಆಗಲೇ ತೀರ್ಮಾನಿಸಿ, ಮುಖ್ಯಸ್ಥರಿಗೂ ಹೇಳಿದ್ದೆ.

ಅದೇ ವಾರ ಆ ದೇಶದ ಅಂಕಿಅಂಶ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಪಟ್ಟಿ ಹೋಗುವ ಮೊದಲು ಪರಿಶೀಲಿಸಿ ಪ್ರತಿ ಸಾಲಿಗೆ ಸಹಿ ಹಾಕುವುದು ಅವರ ಕೆಲಸ. ಐವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ನಿಧಾನವಾದ ಸರಿಯಾದ ಇಂಗ್ಲಿಷ್. ಮೊದಲ ದಿನ ನಮ್ಮ ಚಹಾ ಕುಡಿದು, ಲೋಟದೊಳಗೆ ಇಣುಕಿ, "ಇದರಲ್ಲಿ ಚಹಾ ಯಾವುದು?" ಎಂದು ಕೇಳಿದರು. ಎರಡನೇ ದಿನದಿಂದ ಹಾಲಿಲ್ಲದೆ ಕುಡಿದರು.

ಪೊಲೀಸ್ ಕಚೇರಿಯಲ್ಲಿ ಅವರ ಹೆಸರು ನೋಂದಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಅರ್ಜಿ ತುಂಬುವಾಗ ಹುಟ್ಟಿದ ಊರಿನ ಹೆಸರು ಬರೆದೆ. ಎಲ್ಲೋ ನೋಡಿದ ಹೆಸರು. ಕಚೇರಿಗೆ ಬಂದು ಹುಡುಕಿದರೆ ಮುಚ್ಚುವ ಪಟ್ಟಿಯಲ್ಲಿತ್ತು: ಆ ಊರಿನ ಪಂಪು ತಯಾರಿಸುವ ಕಾರ್ಖಾನೆ. ಮರುದಿನ ಬೆಳಿಗ್ಗೆ ಮೂಲ ಫಾರಂಗಳ ಪೆಟ್ಟಿಗೆಗಳಲ್ಲಿ ಅವರು ಮೊದಲು ಕೇಳಿದ್ದು ಒಂಬತ್ತನೆಯದನ್ನು. ಆ ಕಾರ್ಖಾನೆಯ ಫಾರಂ ಇದ್ದದ್ದು ಒಂಬತ್ತನೇ ಪೆಟ್ಟಿಗೆಯಲ್ಲಿ.

ಮುಖ್ಯಸ್ಥರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. "ಸರ್, ಆಕಿ ಪರಿಶೀಲನಾಕ್ಕ ಬಂದಿಲ್ಲ. ತನ್ನ ಊರಿನ ಫ್ಯಾಕ್ಟರಿ ಪಟ್ಟಿಯಿಂದ ತಗಿಸಾಕ ಬಂದಾಳ."

"ನಿನ್ನೆ ಯುರೋಪಿನವ್ರು ಕಳ್ಳರು ಅಂದಿ, ಇವತ್ತು ಈ ಹೆಣ್ಮಗಳು ಕಳ್ಳಿ ಅಂತೀ. ನಾಳೆ ನನ್ನ ಪಾಳಿ ಏನು?"

"ಮೂಲ ಫಾರಂ ಕೊಡಬೇಕೋ ಬ್ಯಾಡೋ?"

"ಕೊಡು. ಬಾಜೂಕ ಕುಂತು ನೋಡ್ಕೋತ ಇರು. ನಿನಗ ಬರೂದು ಅದೊಂದೇ."

ಹಾಗಾಗಿ ನಾನು ಪಕ್ಕದಲ್ಲಿ ಕುಳಿತು ಕಾವಲು ಕಾದೆ. ಅವರ ಪೆನ್ಸಿಲ್ ಎಲ್ಲಿ ಹೋಗುತ್ತದೆ ಎಂದು ನೋಡಿದೆ. ಅವರು ತಮ್ಮ ಊರಿನ ಫಾರಂಗೆ ಹಾರಲಿಲ್ಲ. ಮೇಲಿನಿಂದ ಒಂದೊಂದಾಗಿ ತೆಗೆದು ನಮ್ಮ ಮುದ್ರಿತ ಹಾಳೆಯ ಜೊತೆ ಹೋಲಿಸತೊಡಗಿದರು. ನಾಲ್ಕನೇ ಫಾರಂಗೆ ನಿಂತರು. ಐದು, ಆರು ಬಿಟ್ಟು ಏಳರಲ್ಲಿ ಮತ್ತೆ ನಿಂತರು. ನನ್ನ ಕಡೆ ತಿರುಗಿ, "ನಿಮ್ಮಲ್ಲಿ ಯಾರಿಗಾದರೂ ಇದು ಏನೆಂದು ಗೊತ್ತೇ?" ಎಂದು ಕೇಳಿದರು.

ಏಳನೇ ಸಾಲಿನಲ್ಲಿ ಮೂರು ಚುಕ್ಕಿಗಳಿದ್ದವು. ನಮ್ಮ ಹಾಳೆಯಲ್ಲಿ ಸೊನ್ನೆ.

ಒಂದು ಖಾಲಿ ಹಾಳೆಯ ಮೇಲೆ ಅವರು ಬರೆದು ತೋರಿಸಿದರು. ಅವರ ದೇಶದ ಫಾರಂಗಳಲ್ಲಿ ಅಡ್ಡಗೆರೆ ಎಳೆದರೆ ಆ ವಸ್ತು ಇಲ್ಲವೇ ಇಲ್ಲ ಎಂದರ್ಥ. ಮೂರು ಚುಕ್ಕಿ ಇಟ್ಟರೆ, ಇರಬಹುದು, ಮಾಹಿತಿ ದೊರೆತಿಲ್ಲ. "ನಮ್ಮಲ್ಲಿ ಕಚೇರಿ ಸೇರಿದ ಮೊದಲ ದಿನವೇ ಇದನ್ನು ಕಲಿಸುತ್ತಾರೆ. ಗೆರೆಗೆ ಸೊನ್ನೆ ಹಾಕಿದ್ದೀರಿ, ಸರಿ. ಚುಕ್ಕಿಗೂ ಸೊನ್ನೆ ಹಾಕಿದ್ದೀರಿ. 'ಗೊತ್ತಿಲ್ಲ' ಎಂದವನನ್ನು 'ಇಲ್ಲ' ಎಂದವನ ಜೊತೆ ನಿಲ್ಲಿಸಿದ್ದೀರಿ."

ಮಧ್ಯಾಹ್ನದೊಳಗೆ ಆ ಪೆಟ್ಟಿಗೆಯೊಂದರಲ್ಲೇ ಹತ್ತಾರು ಸಿಕ್ಕವು.

ನನಗೆ ಗೊತ್ತಿದ್ದ ರಕ್ಷಣೆ ಒಂದೇ. ನಮ್ಮಲ್ಲಿ ಪ್ರತಿ ಫಾರಂ ಅನ್ನು ಇಬ್ಬರು ಬೇರೆ ಬೇರೆ ಕುಳಿತು ಏರಿಸುತ್ತಿದ್ದರು. ಎರಡನ್ನೂ ಯಂತ್ರ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಕೂಗುತ್ತಿತ್ತು. ಇಲ್ಲಿ ಯಂತ್ರ ಕೂಗಿರಲಿಲ್ಲ. ಇಬ್ಬರೂ ಒಂದೇ ತಪ್ಪು ಮಾಡಿದರೆ ಯಂತ್ರಕ್ಕೆ ಅದೇ ಸತ್ಯ. ಹಾಗಾದರೆ ಇಬ್ಬರಿಗೂ ಯಾರೋ ಒಂದೇ ಮಾತು ಹೇಳಿರಬೇಕು.

ಮೇಲ್ವಿಚಾರಕಿಯನ್ನು ಕರೆದೆ. ಅವಳು ಕಲಬುರಗಿ ಕಡೆಯವಳು, ಹನ್ನೆರಡು ಟೈಪಿಸ್ಟರನ್ನು ಒಂದು ನೋಟದಲ್ಲಿ ಹಿಡಿತದಲ್ಲಿ ಇಟ್ಟಿದ್ದಳು.

"ಚುಕ್ಕಿ ಇದ್ದಲ್ಲಿ ಸೊನ್ನಿ ಹಾಕ್ರಿ ಅಂತ ಯಾರು ಹೇಳಿದ್ರು?"

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಮಜಾಕ್ ಮಾಡಾಕತ್ತೀರೇನ್ರಿ ಸರ್?"

"ಮಜಾಕ್ ಅಲ್ಲ."

"ನೀವೇ ಹೇಳಿದ್ರೆಲ್ಲರಿ. ಕೆಲಸ ಸುರು ಆದ ವಾರ. ಪ್ರೋಗ್ರಾಂ ಖಾಲಿ ಬಿಟ್ರ ಮುಂದ ಹೋಗವಲ್ತು ಅಂತ ನಾನು ಬಂದು ಕೇಳಿದೆ. ನೀವು ಆ ಬಾಗಿಲದಾಗ ನಿಂತು, ಒಂದು ಕೈಯಾಗ ಫೋನ್ ಹಿಡ್ಕೊಂಡು, 'ಸೊನ್ನಿ ಹೊಡದು ಮುಂದ ಹೋಗ್ರಿ' ಅಂದ್ರಿ."

"ನಾನಲ್ಲ. ಸಾಹೇಬ್ರು ಹೇಳಿದ್ರು."

"ಸಾಹೇಬ್ರು ಊರಾಗ ಎಲ್ಲಿದ್ರು ಆಗ? ಸುಮ್ನ ಯಾಕ ಅವ್ರ ಹೆಸರು ತಗೀತೀರಿ? ನಮ್ಮ ಹುಡುಗ್ಯಾರ ಮ್ಯಾಲ ಹಾಕ್ತೀರೇನು, ಅದನ್ನಾದ್ರೂ ಸೀದಾ ಹೇಳ್ರಿ."

ನನ್ನ ನೆನಪಿನಲ್ಲಿ ಚಿತ್ರ ಸ್ಪಷ್ಟವಾಗಿತ್ತು. ಬಾಗಿಲಲ್ಲಿ ಮುಖ್ಯಸ್ಥರು, ಕೈಯಲ್ಲಿ ಫೋನ್, ಅವರ ಬೂದು ಸಫಾರಿ, 'ಸೊನ್ನಿ ಹೊಡೀರಿ' ಎಂಬ ಅವರ ದನಿ. ನಾನು ನನ್ನ ಮೇಜಿನಲ್ಲಿ ಕುಳಿತು ಅದನ್ನು ಕೇಳಿಸಿಕೊಂಡು, ಇದು ಸರಿಯೇ ಎಂದು ಒಂದು ಗಳಿಗೆ ಯೋಚಿಸಿದ್ದು ಕೂಡ ನೆನಪಿತ್ತು. ಹಾಜರಿ ಪುಸ್ತಕ ತೆಗೆದು ನೋಡಿದೆ. ಆ ಇಡೀ ವಾರ ಮುಖ್ಯಸ್ಥರು ದೆಹಲಿಯಲ್ಲಿದ್ದರು. ಅವರ ಹೆಸರಿನ ಮುಂದೆ 'ಪ್ರವಾಸ' ಎಂದು ಬರೆದದ್ದು ನನ್ನದೇ ಅಕ್ಷರ.

ಇಂದಿಗೂ ಕಣ್ಣು ಮುಚ್ಚಿದರೆ ಬಾಗಿಲಲ್ಲಿ ನಿಂತವರು ಅವರೇ. ಹಾಜರಿ ಪುಸ್ತಕವನ್ನು ನಂಬಬೇಕು ಎಂದು ನಾನು ತೀರ್ಮಾನಿಸಿದೆನೇ ಹೊರತು ನನ್ನ ಕಣ್ಣು ಅದನ್ನು ಒಪ್ಪಲಿಲ್ಲ. ಅಷ್ಟು ದಿನ ಯುರೋಪಿನವರನ್ನು, ಮಂತ್ರಿಯನ್ನು, ಆ ಹೆಂಗಸನ್ನು ಒಬ್ಬೊಬ್ಬರಾಗಿ ಶಂಕಿಸಿದ್ದೆ. ಒಬ್ಬನನ್ನು ಮಾತ್ರ ವಿಚಾರಣೆಗೆ ಕರೆದಿರಲಿಲ್ಲ.

ಮುಖ್ಯಸ್ಥರು ಎಲ್ಲ ಕೇಳಿ ಗೋಡೆಯ ಕ್ಯಾಲೆಂಡರ್ ನೋಡಿದರು. ಪಟ್ಟಿ ಸೋಮವಾರ ಹೋಗಬೇಕಿತ್ತು. ಆಮೇಲೆ ಮೂರು ದಾರಿ ಹೇಳಿದರು. ಮೊದಲನೆಯದು, ಏನೂ ಆಗಿಲ್ಲವೆಂಬಂತೆ ಕಳಿಸುವುದು. ಅದಕ್ಕೆ ಆ ಅಧಿಕಾರಿ ಸಹಿ ಹಾಕುವುದಿಲ್ಲ. ಎರಡನೆಯದು, ಚುಕ್ಕಿಗಳ ಜಾಗದಲ್ಲಿ ಅಂದಾಜಿನ ಅಂಕಿ ತುಂಬುವುದು. ಮೂರನೆಯದು, ಟೈಪಿಸ್ಟರ ತಪ್ಪು ಎಂದು ಬರೆದು, ಇಬ್ಬರನ್ನು ಕೆಲಸದಿಂದ ತೆಗೆದು, ಒಂದು ತಿಂಗಳ ಸಮಯ ಕೇಳುವುದು.

"ಮೂರನೇದು ಎಲ್ಲಾರೂ ನಂಬ್ತಾರ" ಎಂದರು.

"ಅದಕ್ಕ ಅದು ಬ್ಯಾಡ ಸರ್."

"ಮತ್ತ?"

"ಸೂಚನಾ ಕೊಟ್ಟಾಂವ ನಾನು ಅಂತ ಬರೀತೀನಿ. ಮುಚ್ಚುವ ಪಟ್ಟಿಯೊಳಗಿನ ಫಾರಂ ಎಲ್ಲಾ ಪೆಟಿಗಿಯಿಂದ ತಗದು ಹೊಸದಾಗಿ ಏರಸೂಣು. ಹತ್ತು ದಿನ ಕೇಳ್ರಿ."

"ನೀ ಹೇಳಿದ್ದು ನಿನಗ ನೆನಪ ಅದ ಏನು?"

"ಇಲ್ಲ."

"ನೆನಪ ಇಲ್ಲದ್ದಕ್ಕ ಸಹಿ ಮಾಡ್ತೀ? ಶಾಣ್ಯಾ ಇದ್ದಿ ಬಿಡು." ಸಿಟ್ಟಿನಲ್ಲಿ ಅವರು ಫೈಲನ್ನು ಮೇಜಿನ ಆಚೆಗೆ ತಳ್ಳಿದರು. ಆದರೆ ಹತ್ತು ದಿನ ಕೇಳಿ ಪತ್ರ ಬರೆದವರೂ ಅವರೇ. ನನ್ನ ಟಿಪ್ಪಣಿಯನ್ನು ಅದಕ್ಕೆ ಪಿನ್ ಮಾಡಿದರು. ಆ ಪತ್ರ ಹೋದ ಮೇಲೆ ವಿದೇಶದ ಕೆಲಸಗಳಿಗೆ ನನ್ನ ಹೆಸರು ಮತ್ತೆ ಹೋಗಲಿಲ್ಲ.

ಕೆಲಸ ಶುರುವಾಯಿತು. ಮೊದಲು ಪ್ರೋಗ್ರಾಂ ಬದಲಿಸಿದೆವು: ಚುಕ್ಕಿ ಇದ್ದರೆ ಆ ಜಾಗದಲ್ಲಿ ಬರೀ ಒಂಬತ್ತುಗಳನ್ನೇ ಒತ್ತಬೇಕು, ಅದು 'ಗೊತ್ತಿಲ್ಲ' ಎಂದು ದಾಖಲಾಗುತ್ತದೆ. ಯಾವ ಫಾರಂ ಯಾರು ಮೊದಲು ಏರಿಸಿದ್ದರೋ ಅವರಿಗೆ ಅದು ಮತ್ತೆ ಹೋಗಬಾರದು. ಎರಡನೇ ದಿನ ಮೂವರು ಟೈಪಿಸ್ಟರು ಬರಲಿಲ್ಲ. ವೈದ್ಯರ ಮಾತನ್ನು ಕೇಳಿ ಟೈಪ್ ಮಾಡುವ ಅಮೆರಿಕದ ಕೆಲಸ ಅವರಿಗೆ ಸಿಕ್ಕಿತ್ತು. ಆ ವರ್ಷ ನಮ್ಮೂರಿನಲ್ಲಿ ವೇಗವಾಗಿ ಬೆರಳಾಡಿಸುವವರು ಯಾವ ಕುರ್ಚಿಯಲ್ಲೂ ಬಹಳ ದಿನ ಕೂರುತ್ತಿರಲಿಲ್ಲ. ಮೇಲ್ವಿಚಾರಕಿ ತಾನೇ ಒಂದು ಕೀಲಿಮಣೆ ಹಿಡಿದಳು, ಇನ್ನೊಂದು ನನಗೆ ಕೊಟ್ಟಳು. ನನ್ನ ವೇಗ ನೋಡಿ, "ಸರ್, ನೀವು ಒಂದು ಫಾರಂ ಮುಗಸೂದ್ರಾಗ ಆ ದೇಶ ಮತ್ತ ಕಮ್ಯುನಿಸ್ಟ್ ಆಗತೈತಿ" ಎಂದಳು.

ಸಂಜೆ ನಾಲ್ಕರ ಚಹಾಕ್ಕೆ ಅಧಿಕಾರಿ ನಮ್ಮ ಜೊತೆ ಕೂರುತ್ತಿದ್ದರು. ಐದನೇ ದಿನವೋ ಆರನೇ ದಿನವೋ, ಗ್ಯಾಸ್ ನಿಂತರೆ ಏನಾಗುತ್ತದೆ ಎಂದು ಕೇಳಿದೆ. ಅವರ ಸಣ್ಣ ಊರುಗಳಲ್ಲಿ ಆ ಗ್ಯಾಸಿನಿಂದ ಉರಿಯುವ ಕಾರ್ಖಾನೆಯ ಬಾಯ್ಲರೇ ಊರಿಗೆಲ್ಲ ಬಿಸಿನೀರು ಕೊಡುತ್ತದಂತೆ. ಕೊಳವೆಗಳು ಅಲ್ಲಿಂದ ಹೊರಟು ಶಾಲೆ, ಆಸ್ಪತ್ರೆ, ಮನೆಮನೆಯ ಗೋಡೆಯೊಳಗೆ ಹೋಗುತ್ತವೆ. ಕಾರ್ಖಾನೆ ಪಂಪು ಮಾಡದಿದ್ದರೂ ಊರನ್ನು ಬೆಚ್ಚಗಿಡುತ್ತದೆ. ಸಂಬಳ ಸರಿಯಾಗಿ ಬಾರದಿದ್ದರೂ ಜನ ಕಾರ್ಖಾನೆಯ ಹಾಜರಿಯಿಂದ ಹೆಸರು ತೆಗೆಸದೆ ಉಳಿದಿರುವುದು ಅದಕ್ಕೇ.

"ಹಾಗಾದರೆ ಮುಚ್ಚಬಾರದಲ್ಲ?" ಎಂದೆ.

"ಮುಚ್ಚದಿದ್ದರೆ ಆ ಗ್ಯಾಸಿಗೆ ಯಾರು ಕೊಡುವುದು? ಓಡುವ ಕಾರ್ಖಾನೆಗಳಿಂದ ಕಿತ್ತು ಕೊಡಬೇಕು. ಕಿತ್ತರೆ ಅವೂ ನಿಲ್ಲುತ್ತವೆ. ನಮ್ಮ ಮಂತ್ರಿ ಕೆಟ್ಟವನಲ್ಲ. ಅವನ ಹತ್ತಿರ ಇರುವುದು ಒಂದೇ ಕಂಬಳಿ."

ನಾನು ದಿನವೂ ಬರುವ ಬಸ್ಸಿನ ದಾರಿಯಲ್ಲೂ ಒಂದು ಸರ್ಕಾರಿ ಕಾರ್ಖಾನೆಯ ಕಂಪೌಂಡಿತ್ತು. ಗೇಟಿಗೆ ಬೀಗ, ಒಳಗೆ ಜಾಲಿ ಬೆಳೆದಿತ್ತು. ಆ ಜಾಗಕ್ಕೆ ಯಾವ ಸಾಫ್ಟ್‌ವೇರ್ ಕಂಪನಿ ಬರುತ್ತದೆ ಎಂಬುದಷ್ಟೇ ಬಸ್ಸಿನಲ್ಲಿ ಮಾತಾಗುತ್ತಿತ್ತು. ಅಲ್ಲಿ ಕೆಲಸ ಮಾಡಿದವರ ಬಗ್ಗೆ ನಾನೂ ಯಾರನ್ನೂ ಕೇಳಿರಲಿಲ್ಲ.

ಎಂಟನೇ ದಿನಕ್ಕೆ ಫಲ ಕಾಣತೊಡಗಿತು. ಮುಚ್ಚುವ ಪಟ್ಟಿಯ ಅರ್ಧದಷ್ಟು ಕಾರ್ಖಾನೆಗಳು 'ಗೊತ್ತಿಲ್ಲ' ಎಂಬ ಹೊಸ ಪಟ್ಟಿಗೆ ಸರಿದವು. ಅವುಗಳಿಗೆ ಇನ್ನೊಂದು ವರ್ಷ ಗ್ಯಾಸ್ ಮುಂದುವರಿಸಿ ಮರುಪರೀಕ್ಷೆ ಮಾಡಲು ಯುರೋಪಿನವರು ಒಪ್ಪಿದ್ದರು. ನನಗೆ ಹಗುರವೆನಿಸಿತು. ಅಷ್ಟು ಊರುಗಳನ್ನು ಉಳಿಸಿದೆ ಎಂದೂ ಅನ್ನಿಸಿರಬೇಕು, ಏಕೆಂದರೆ ಅದನ್ನು ಅಧಿಕಾರಿಯ ಮುಂದೆ ಹೇಳಿಬಿಟ್ಟೆ.

ಅವರು ನಗಲಿಲ್ಲ. "ಯಾವ ನಿರ್ದೇಶಕ ಚುಕ್ಕಿ ಇಡುತ್ತಾನೆ, ಗೊತ್ತೇ? ಕೆಲವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಉಳಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೊಳವೆ ಮಾಡುತ್ತಾರೆ, ಸಕ್ಕರೆಗೆ ಬದಲು ಕೊಡುತ್ತಾರೆ, ಸಕ್ಕರೆಯನ್ನು ಗಡಿಯಾಚೆ ಮಾರುತ್ತಾರೆ. ಬರೆದರೆ ತೆರಿಗೆ. ಆದ್ದರಿಂದ ಮೂರು ಚುಕ್ಕಿ."

"ಅಡ್ಡಗೆರೆ ಎಳೆಯುವವನು?"

"ಏನೂ ಮಾಡಲಾಗಲಿಲ್ಲ, ಅದನ್ನೇ ಬರೆದ."

ನನ್ನ ತಿದ್ದುಪಡಿ ಬಚ್ಚಿಟ್ಟವರನ್ನು ಪಟ್ಟಿಯಿಂದ ಇಳಿಸಿತ್ತು. ಇದ್ದದ್ದನ್ನು ಇದ್ದಂತೆ ಬರೆದವರನ್ನು ಅಲ್ಲೇ ಬಿಟ್ಟಿತ್ತು. ಹಾಗೆಂದು ತಪ್ಪನ್ನು ತಪ್ಪಾಗಿಯೇ ಬಿಡಲು ಬರುತ್ತಿರಲಿಲ್ಲ. ಯಾರು ಬಚ್ಚಿಟ್ಟರು, ಯಾರಿಗೆ ನಿಜಕ್ಕೂ ಗೊತ್ತಿರಲಿಲ್ಲ ಎಂದು ಹಿಮಾಯತ್‌ನಗರದ ಮೂರನೇ ಮಹಡಿಯಿಂದ ಹೇಳುವವರು ಯಾರು?

ಹತ್ತನೇ ದಿನ ಒಂಬತ್ತನೇ ಪೆಟ್ಟಿಗೆಯ ಕೊನೆಯ ಕಟ್ಟು ಬಂತು. ಪಂಪಿನ ಕಾರ್ಖಾನೆಯ ಫಾರಂ ಮೇಲ್ವಿಚಾರಕಿಯ ಕೈಗೆ ಸಿಕ್ಕಿತು. ಅದು ಯಾವ ಊರಿನದೆಂದು ಅವಳಿಗೆ ನಾನೇ ಹೇಳಿದ್ದೆ, ಚಾಡಿಯ ರೂಪದಲ್ಲಿ. ಅವಳು ಅದನ್ನು ತಂದು ನನ್ನ ಮುಂದೆ ಇಟ್ಟಳು. ಏಳನೇ ಸಾಲಿನಲ್ಲಿ ಎರಡು ಅಡ್ಡಗೆರೆಗಳು. ಪುಟ್ಟ ಗೆರೆಗಳು, ನೇರವಾಗಿದ್ದವು.

"ಇದು ಗೆರಿ ಐತ್ರಿ ಸರ್" ಎಂದಳು ಮೆಲ್ಲಗೆ. "ಆ ಅಕ್ಕಾರ ಊರು."

"ಹೂಂ."

"ಒಂಬತ್ತು ಹೊಡದ್ರ ಹೊಕ್ಕೈತಿ. ನಾ ಒಮ್ಮೆ, ನೀವು ಒಮ್ಮೆ. ಯಂತ್ರ ಬಾಯಿ ಬಿಡೂದಿಲ್ಲ. ಕಳ್ಳರು ಅಷ್ಟು ಮಂದಿ ಪಾರಾದ್ರು, ಇದೊಂದು ಊರು ಭಾರ ಆಗತೈತೇನ್ರಿ?"

ನಾನು ಫಾರಂ ಎತ್ತಿಕೊಂಡು ಅಧಿಕಾರಿಯ ಮೇಜಿಗೆ ಹೋದೆ. ಅವರು ಸಹಿ ಹಾಕುತ್ತ ಕುಳಿತಿದ್ದರು. "ಇದನ್ನು ಇನ್ನೂ ಏರಿಸಿಲ್ಲ" ಎಂದಷ್ಟೇ ಹೇಳಿದೆ. ಅವರು ಫಾರಂ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಏನನ್ನು ನೀಡಲು ಬಂದಿದ್ದೇನೆ ಎಂಬುದು ಅವರಿಗೆ ತಿಳಿಯಿತು. ಮೊದಲ ದಿನಗಳಲ್ಲಿ ಪಕ್ಕದಲ್ಲಿ ಕುಳಿತು ಅವರ ಪೆನ್ಸಿಲ್ ಕಾಯುತ್ತಿದ್ದದ್ದು ಯಾಕೆ ಎಂಬುದೂ ಆಗಲೇ ತಿಳಿದಿರಬೇಕು.

"ಇದು ಸರಿಯಾಗಿದೆ" ಎಂದರು. "ಮೊದಲ ದಿನವೇ ನೋಡಿದೆ. ಅಲ್ಲಿನ ನಿರ್ದೇಶಕರ ಅಕ್ಷರ ನನಗೆ ಗೊತ್ತು. ಗೆರೆ ಎಳೆದಿದ್ದಾರೆ ಎಂದರೆ ಏನೂ ಇಲ್ಲ."

"ಊರಿನ ಬಾಯ್ಲರ್?"

"ಇದೇ ಕಾರ್ಖಾನೆಯದು. ಅಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಎರಡು ಮಕ್ಕಳು."

ಫಾರಂ ಅನ್ನು ನನ್ನ ಕಡೆಗೆ ಸರಿಸಿದರು. ನಾನು ಹಿಂದಿರುಗಿ ಸೊನ್ನೆ ಒತ್ತಿದೆ. ಮೇಲ್ವಿಚಾರಕಿ ತನ್ನ ಯಂತ್ರದಲ್ಲಿ ಸೊನ್ನೆ ಒತ್ತಿದಳು, ಆಮೇಲೆ ಎದ್ದು ನೀರು ಕುಡಿಯಲು ಹೋದಳು. ಸಾಲು ಮುದ್ರಣವಾಗಿ ಬಂದಾಗ ಅಧಿಕಾರಿ ಉಳಿದ ಸಾಲುಗಳಿಗೆ ಹಾಕಿದಂತೆಯೇ ಅದಕ್ಕೂ ಸಹಿ ಹಾಕಿದರು.

ವರದಿಯ ಕೊನೆಗೆ, ಊರಿಗೆ ಬಿಸಿನೀರು ಕೊಡುವ ಕಾರ್ಖಾನೆಗಳನ್ನು ಬೇರೆಯಾಗಿ ಪರಿಗಣಿಸಬೇಕು ಎಂದು ಒಂದು ವಾಕ್ಯ ಸೇರಿಸಿದೆ. ಮುಖ್ಯಸ್ಥರು ಅದನ್ನು ಹೊಡೆದುಹಾಕಲಿಲ್ಲ. ಅದನ್ನು ಯಾರಾದರೂ ಓದಿದರೇ ಎಂಬುದು ನನಗೆ ಗೊತ್ತಾಗಲಿಲ್ಲ.

ಪಟ್ಟಿಯನ್ನು ಫ್ಯಾಕ್ಸ್ ಮಾಡಲು ಹಾಳೆಗಳನ್ನು ಜೋಡಿಸುತ್ತಿದ್ದಾಗ ಅಧಿಕಾರಿ ಬಂದು, ಒಂದು ಖಾಸಗಿ ಹಾಳೆ ಕಳಿಸಬಹುದೇ ಎಂದು ಕೇಳಿದರು. ತಮ್ಮ ಊರಿನ ಅಂಚೆ ಕಚೇರಿಯ ನಂಬರ್ ಬರೆದುಕೊಂಡು ಬಂದಿದ್ದರು. ಅವರ ಭಾಷೆಯ ಎರಡೇ ಸಾಲು. ನಾನು ಕೇಳದಿದ್ದರೂ ಅರ್ಥ ಹೇಳಿದರು: "ಚಳಿ ಬೀಳುವ ಮೊದಲು ಕಬ್ಬಿಣದ ಒಲೆ ಕೊಂಡು, ಕಿಟಕಿಯಲ್ಲಿ ಹೊಗೆ ಕೊಳವೆಗೆ ತೂತು ಮಾಡಿಸು. ಪಕ್ಕದ ಮನೆಯವರಿಗೂ ಹೇಳು."

ಲೈನ್ ನಾಲ್ಕು ಸಲ ತಪ್ಪಿತು. ಐದನೇ ಸಲ ಹಾಳೆ ಒಳಗೆ ಹೋಗಿ, ತಲುಪಿತೆಂಬ ಚೀಟಿ ಹೊರಬಂತು. ಅದನ್ನು ಓದಿ ನೋಡಿದ ಮೇಲೆಯೇ ನಾನು ಪಟ್ಟಿಯ ಮೊದಲ ಹಾಳೆಯನ್ನು ಯಂತ್ರಕ್ಕೆ ಇಟ್ಟೆ. ಯಾವುದು ಮೊದಲು ಹೋಯಿತು ಎಂಬ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಕಾಗಿಲ್ಲ. ಎರಡು ಚೀಟಿಗಳ ಮೇಲೂ ಗಂಟೆ, ನಿಮಿಷ ಅಚ್ಚಾಗಿವೆ. ತಂಗಿಗೆ ಹೋದದ್ದು ಹನ್ನೊಂದು ನಿಮಿಷ ಮುಂಚೆ.